ರೋಬಾಟ್ ಕೆಂಪಾಗುವ ಮುಂಚೆ

ಜೋಹಾನ್ಸ್‌ಬರ್ಗ್‌ನಲ್ಲಿ ಟ್ರಾಫಿಕ್ ಸಿಗ್ನಲ್‌ಗೆ ರೋಬಾಟ್ ಅಂತಾರೆ. ಮೊದಲ ದಿನ ಯಾರೋ ಡ್ರೈವರ್‌ಗೆ ಫೋನಿನಲ್ಲಿ "ಮುಂದಿನ ರೋಬಾಟ್‌ ಹತ್ತಿರ ಎಡಕ್ಕೆ ತಗೋ" ಅಂದಿದ್ದು ಕೇಳಿಸಿತು. ನಾನು ಕಿಟಕಿಯಿಂದ ನಿಜವಾದ ರೋಬಾಟ್ ಎಲ್ಲಾದರೂ ನಿಂತಿದೆಯಾ ಅಂತ ನೋಡಿದ್ದೆ.

ಆ ಡ್ರೈವರ್ ಒಂದು ವಿಚಿತ್ರ ಕೆಲಸ ಮಾಡುತ್ತಿದ್ದ. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದುಬಿಡುತ್ತಿದ್ದ. ಕಾರು ತೆವಳುತ್ತಾ ತೆವಳುತ್ತಾ ಸಿಗ್ನಲ್ ತಲುಪುವಷ್ಟರಲ್ಲಿ ಹಸಿರು ಬಂದಿರುತ್ತಿತ್ತು. ಪೆಟ್ರೋಲ್ ಉಳಿಸುತ್ತಿದ್ದಾನೆ ಅಂದುಕೊಂಡೆ. ಮೂರನೇ ಸಲ ಕೇಳಿಯೇಬಿಟ್ಟೆ. "ರಾತ್ರಿ ನಿಂತ ಕಾರೇ ಕಳ್ಳರಿಗೆ ಬೇಕಾಗಿರೋದು. ಅದಕ್ಕೇ ನಾನು ನಿಲ್ಲಿಸೋದಿಲ್ಲ" ಅಂದ. ಸಿಗ್ನಲ್ ಮುರಿಯದೆ, ಜೋರಾಗಿ ಓಡಿಸದೆ, ಯಾರನ್ನೂ ಬಯ್ಯದೆ, ನಿಲ್ಲುವ ಆ ಅರ್ಧ ನಿಮಿಷವನ್ನೇ ತಪ್ಪಿಸುತ್ತಿದ್ದ.

ಇದು 2023ರ ಜೂನ್ ಮಾತು. ಆಫೀಸಿನ ಕೆಲಸಕ್ಕೆ ಮೂರು ತಿಂಗಳು ಅಲ್ಲಿಗೆ ಹೋಗಬೇಕಾಗಿ ಬಂತು. ಹೊರಡುವ ಮುಂಚೆ ಊರಿನಲ್ಲಿ ಆದ ಗಲಾಟೆ ಕೇಳಬೇಡಿ. ಅಮ್ಮನಿಗೆ ಆ ಊರಿನ ಹೆಸರು ಬಾಯಲ್ಲಿ ತಿರುಗುತ್ತಿರಲಿಲ್ಲ. ಆದರೂ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ತೋರಿಸಿದ ಎರಡು ವಿಡಿಯೋ ಸಾಕಾಯಿತು. "ಹಾಡಹಗಲೇ ಗನ್ ಇಟ್ಕೊಂಡು ಬರ್ತಾರಂತೆ ಕಣೋ. ಬೇರೆ ಯಾರನ್ನಾದ್ರೂ ಕಳಿಸಿ ಅಂತ ಹೇಳಕ್ಕಾಗಲ್ವಾ?" ಅಂದಳು. ಆಫೀಸಿನವರು ಕೊಟ್ಟ ಸುರಕ್ಷತೆಯ ಕೈಪಿಡಿಯೂ ಅಮ್ಮನ ಮಾತಿನ ಹಾಗೇ ಇತ್ತು. ನಡೆಯಬೇಡಿ, ವಾಚು ಕಟ್ಟಬೇಡಿ, ಊರ ಮಧ್ಯಕ್ಕೆ ಹೋಗಬೇಡಿ, ಅಪರಿಚಿತರ ಜತೆ ಮಾತಾಡಬೇಡಿ. ಹದಿನಾಲ್ಕು ಪುಟ. ಮಾಡಬಹುದಾದದ್ದು ಒಂದೂ ಇರಲಿಲ್ಲ.

ಹೆದರಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ದಕ್ಷಿಣ ಆಫ್ರಿಕಾದ ಜನಸಂಖ್ಯೆ ಸುಮಾರು 6.2 ಕೋಟಿ. ಹೆಚ್ಚುಕಮ್ಮಿ ನಮ್ಮ ಕರ್ನಾಟಕದಷ್ಟೇ. ನಮ್ಮಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 1,300–1,400ರ ಆಸುಪಾಸು ಕೊಲೆ ಆಗುತ್ತವೆ. ಅಲ್ಲಿ 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ಪೊಲೀಸರೇ ಕೊಟ್ಟ ಲೆಕ್ಕ 27,494. ಅಂದರೆ ದಿನಕ್ಕೆ 75. ಅಮ್ಮನಿಗೆ ಈ ಲೆಕ್ಕ ನಾನಂತೂ ಹೇಳಲಿಲ್ಲ.

ಆದರೆ ಅಲ್ಲಿನ ಪೊಲೀಸರು ಮೂರು ತಿಂಗಳಿಗೊಮ್ಮೆ ಅಂಕಿಅಂಶ ಹೊರಗೆ ಹಾಕುತ್ತಾರೆ. ಯಾವ ಠಾಣೆಯಲ್ಲಿ ಎಷ್ಟು ಅಂತ ಬಿಡಿಬಿಡಿಯಾಗಿ ಸಿಗುತ್ತದೆ. ಒಂದು ಭಾನುವಾರ ಕೂತು ನೋಡಿದೆ. ಪಟ್ಟಿಯ ಮೇಲ್ಗಡೆ ಮತ್ತೆ ಮತ್ತೆ ಬರುವ ಹೆಸರುಗಳು ಕೇಪ್‌ಟೌನ್ ಅಂಚಿನ ನ್ಯಾಂಗ, ಡೆಲ್ಫ್ಟ್, ಡರ್ಬನ್ ಪಕ್ಕದ ಇನಾಂಡಾ. ಎಲ್ಲವೂ ಬಡವರ ಬಡಾವಣೆಗಳು. ನನ್ನಂಥವನು ದಾರಿ ತಪ್ಪಿದರೂ ಅಲ್ಲಿಗೆ ಹೋಗುವುದಿಲ್ಲ. ಹೆದರಿದ್ದು ನಾವು, ಸಾಯುತ್ತಿದ್ದವರು ಬೇರೆ ಯಾರೋ. ಇದು ನನಗೆ ಪೂರ್ತಿ ಅರ್ಥವಾಗಲು ಮಾತ್ರ ಇನ್ನೂ ಎರಡು ತಿಂಗಳು ಬೇಕಾಯಿತು.

ನಾನಿದ್ದದ್ದು ಸ್ಯಾಂಡ್ಟನ್‌ನಲ್ಲಿ. ಬ್ಯಾಂಕು, ಮಾಲು, ಗಾಜಿನ ಕಟ್ಟಡಗಳ ಜಾಗ. ಮನೆಗಳ ಕಾಂಪೌಂಡ್ ನೋಡಬೇಕು ನೀವು. ಆಳೆತ್ತರಕ್ಕಿಂತ ಎತ್ತರದ ಗೋಡೆ, ಅದರ ಮೇಲೆ ಕರೆಂಟಿನ ತಂತಿ, ಗೇಟಿನಲ್ಲಿ ಖಾಸಗಿ ಸೆಕ್ಯುರಿಟಿಯವರ ಬೋರ್ಡು: ಅಪಾಯದ ಅಲಾರಂ ಒತ್ತಿದರೆ ಬಂದೂಕು ಹಿಡಿದವರೇ ಬರುತ್ತಾರೆ ಅಂತ. ಆ ದೇಶದಲ್ಲಿ ಪೊಲೀಸರಿಗಿಂತ ಖಾಸಗಿ ಕಾವಲುಗಾರರೇ ಎಷ್ಟೋ ಪಟ್ಟು ಜಾಸ್ತಿ. ಮೊದಲ ವಾರ ನನಗೆ ಈ ಗೋಡೆಗಳಿಂದ ಧೈರ್ಯ ಬರಲಿಲ್ಲ, ಇದ್ದ ಧೈರ್ಯವೂ ಹೋಯಿತು. ಇಷ್ಟೆಲ್ಲ ಕಟ್ಟಿಕೊಂಡಿದ್ದಾರೆ ಅಂದರೆ ಹೊರಗೆ ಏನಿರಬಹುದು ಅನ್ನುವ ಯೋಚನೆ.

ಆಫೀಸಿನಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರಿದ್ದರು. ಆರು ವರ್ಷದಿಂದ ಅಲ್ಲೇ ಸಂಸಾರ. ನನ್ನ ಮುಖ ನೋಡಿ ನಕ್ಕು, "ಆ ಹದಿನಾಕು ಪೇಜ್ ತಗದು ಒಗೀರಿ. ಇಲ್ಲಿ ಹೆದರಿಕೋತ ಕೂತ್ರ ಹುಚ್ಚ ಹಿಡಿತೈತಿ. ಯಾವಾಗ ಹೆದರಬೇಕು ಅನ್ನೂದಷ್ಟ ಕಲೀರಿ" ಅಂದರು. ಆಮೇಲೆ ಒಂದು ಶನಿವಾರ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಸುತ್ತಾಡಿಸಿದರು.

ಆ ಶನಿವಾರ ಕಲಿತದ್ದು ನನಗೆ ಈಗಲೂ ಕೈಮೇಲಿನ ಗೆರೆಯ ಹಾಗೆ ನೆನಪಿದೆ. ಸಿಗ್ನಲ್‌ನಲ್ಲಿ ನಿಲ್ಲಲೇಬೇಕಾದರೆ ಮುಂದಿನ ಕಾರಿನ ಹಿಂದಿನ ಟೈರು ನೆಲಕ್ಕೆ ತಾಗುವ ಜಾಗ ಕಾಣಬೇಕು. ಅಷ್ಟು ಜಾಗ ಇದ್ದರೆ ರಿವರ್ಸ್ ತೆಗೆಯದೆ ಪಕ್ಕಕ್ಕೆ ತಿರುಗಿಸಿ ಹೊರಡಬಹುದು. ಬ್ಯಾಗು ಡಿಕ್ಕಿಯಲ್ಲಿ. ಅದೂ ಹೊರಡುವ ಜಾಗದಲ್ಲೇ ಇಡಬೇಕು, ಹೋಗಿ ಇಳಿಯುವ ಜಾಗದಲ್ಲಿ ಎಲ್ಲರೂ ನೋಡುವ ಹಾಗೆ ಇಟ್ಟರೆ ಅದೇ ಬುಲಾವು. ಸೀಟಿನ ಮೇಲೆ ಏನಾದರೂ ಕಂಡರೆ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಚೂರೊಂದರಿಂದ ಕಿಟಕಿ ಪುಡಿ ಮಾಡಿ ಎತ್ತಿಕೊಂಡು ಹೋಗುತ್ತಾರೆ. ಸುತ್ತಿಗೆಯೂ ಬೇಡ.

ಮಾಲಿನಲ್ಲಿ ಕಾರು ಲಾಕ್ ಮಾಡಲು ರಿಮೋಟ್ ಒತ್ತಿದರು. ಆಮೇಲೆ ತಿರುಗಿ ಬಂದು ಬಾಗಿಲಿನ ಹಿಡಿ ಎಳೆದು ನೋಡಿದರು. ಮರೆವೇನೋ ಅಂದುಕೊಂಡೆ. ಕಳ್ಳರ ಹತ್ತಿರ ಸಿಗ್ನಲ್ ತಡೆಯುವ ಸಾಧನ ಇರುತ್ತದಂತೆ. ನೀವು ಒತ್ತುತ್ತೀರಿ, ಲಾಕ್ ಆಗಿರುವುದಿಲ್ಲ, ನೀವು ಬೆನ್ನು ತಿರುಗಿಸಿ ಹೋಗುತ್ತೀರಿ. ಎಟಿಎಂ ಮುಂದೆ ಯಾರಾದರೂ "ಮಶಿನ್ ಹಾಳಾಗಿದೆ, ಹೀಗೆ ಮಾಡಿ" ಅಂತ ಸಹಾಯಕ್ಕೆ ಬಂದರೆ ಕಾರ್ಡು ಬದಲಾಯಿತು ಅಂತಲೇ ಲೆಕ್ಕ. ಇನ್ನು ಎಲ್ಲಕ್ಕಿಂತ ಅಪಾಯದ ಜಾಗ ಯಾವುದು ಗೊತ್ತಾ? ನಿಮ್ಮದೇ ಮನೆಯ ಗೇಟು. ಗೇಟು ನಿಧಾನವಾಗಿ ತೆರೆಯುವ ಆ ಹೊತ್ತಿನಲ್ಲಿ ಹಿಂದಿನಿಂದ ಇನ್ನೊಂದು ಕಾರು ಬಂದು ಅಡ್ಡ ನಿಂತರೆ ಎಲ್ಲೂ ಹೋಗುವ ಹಾಗಿಲ್ಲ. ಅದಕ್ಕೇ ಅವರು ಗೇಟಿನೊಳಕ್ಕೆ ಮೂತಿ ತೂರಿಸದೆ ರಸ್ತೆಯಲ್ಲೇ ನಿಂತು, ಕನ್ನಡಿ ನೋಡಿ, ಗೇಟು ಪೂರ್ತಿ ತೆರೆದ ಮೇಲೆ ಒಳಗೆ ಹೋಗುತ್ತಿದ್ದರು. ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿದರೆ ಮನೆ ದಾಟಿ ಇನ್ನೊಂದು ಸುತ್ತು.

ಇಷ್ಟನ್ನೂ ಅವರು ಮಾತಾಡುತ್ತಾ, ಹಾಡು ಕೇಳುತ್ತಾ ಮಾಡುತ್ತಿದ್ದರು. ಹೆದರಿಕೆ ಮುಖದಲ್ಲಿ ಒಂದಿಷ್ಟೂ ಇಲ್ಲ. ನಮ್ಮ ಮಲೆನಾಡಿನವರು ಮಳೆಗಾಲದಲ್ಲಿ ಅಂಗಳದ ಜಾರು ಕಲ್ಲಿನ ಮೇಲೆ ಹೇಗೆ ಕಾಲಿಡುತ್ತಾರೋ ಹಾಗೆ. ಬೀಳುವವರು ನೆಂಟರು ಮಾತ್ರ.

ನೆಂಟನೊಬ್ಬ ಬಿದ್ದ ಕತೆ ಈಗ ಹೇಳುತ್ತೇನೆ.

ಜುಲೈನಲ್ಲಿ ಒಂದು ಶನಿವಾರ ಕಾನ್‌ಸ್ಟಿಟ್ಯೂಷನ್ ಹಿಲ್ ನೋಡಲು ಹೊರಟೆ. ಅದು ಹಳೆಯ ಜೈಲು. 1908ರಲ್ಲಿ ಗಾಂಧೀಜಿಯನ್ನು ಇಟ್ಟಿದ್ದ ಜಾಗ. ಮಂಡೇಲಾ ಕೂಡ ಅಲ್ಲಿದ್ದರು. ಈಗ ಅದೇ ಆವರಣದಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಇದೆ. ಸ್ಯಾಂಡ್ಟನ್‌ನಿಂದ ಗೌಟ್ರೇನ್ ಹತ್ತಿದೆ. 2010ರ ಫುಟ್‌ಬಾಲ್ ವಿಶ್ವಕಪ್ಪಿನ ಹೊತ್ತಿಗೆ ಶುರುವಾದ ರೈಲು ಅದು. ಥಳಥಳ ಅನ್ನುತ್ತದೆ, ಒಳಗೆ ಚ್ಯೂಯಿಂಗ್ ಗಮ್ ಅಗಿದರೂ ದಂಡ. ಪಾರ್ಕ್ ಸ್ಟೇಷನ್‌ನಲ್ಲಿ ಇಳಿದು ಮೊಬೈಲಿನಲ್ಲಿ ಕ್ಯಾಬ್ ಬುಕ್ ಮಾಡಿದೆ.

ಕ್ಯಾಬ್ ಬಂದು ನಿಂತ ಮೇಲೆ ಹೊರಗೆ ಹೋಗಿ, ಅಲ್ಲೀವರೆಗೆ ಗಾರ್ಡುಗಳ ಹತ್ತಿರ ಒಳಗೇ ಇರಿ ಅಂತ ಹುಬ್ಬಳ್ಳಿಯವರು ಸ್ಪಷ್ಟವಾಗಿ ಹೇಳಿದ್ದರು. ನಾನು ಬುದ್ಧಿವಂತ ನೋಡಿ. ಎರಡು ನಿಮಿಷ ಅಂತ ತೋರಿಸುತ್ತಿದೆಯಲ್ಲ, ನಂಬರ್ ಪ್ಲೇಟ್ ನೋಡಿಕೊಳ್ಳೋಣ ಅಂತ ಫುಟ್‌ಪಾತಿಗೆ ಬಂದು ಫೋನ್ ಮುಖದ ಮುಂದೆ ಹಿಡಿದುಕೊಂಡೆ. ಇಬ್ಬರು ಹುಡುಗರು. ಒಬ್ಬ ಎದುರಿಗೆ ಬಂದು ಸಮಯ ಕೇಳಿದ. ಇನ್ನೊಬ್ಬ ಪಕ್ಕದಲ್ಲಿ ನಿಂತು ತುಂಬ ಮೆಲ್ಲಗೆ "ಫೋನ್ ಕೊಡು" ಅಂದ. ಅವನ ಒಂದು ಕೈ ಜಾಕೆಟ್ಟಿನೊಳಗಿತ್ತು. ಅಲ್ಲಿ ಏನಿತ್ತೋ, ಬರೀ ಬೆರಳೇ ಇತ್ತೋ, ಇವತ್ತಿಗೂ ತಿಳಿಯದು. ಕೊಟ್ಟೆ. ಲಾಕ್ ತೆರೆದಿದ್ದ ಫೋನು. ಅವರು ಓಡಲೂ ಇಲ್ಲ. ಬಿರಬಿರನೆ ನಡೆದು ಜನರ ನಡುವೆ ಸೇರಿಹೋದರು.

ನನ್ನ ಕಾಲು ನಡುಗುತ್ತಿತ್ತು. ಹತ್ತಿರದಲ್ಲೇ ಒಬ್ಬ ಹೆಂಗಸು ಮಗ್ವಿನ್ಯಾ ಮಾರುತ್ತಿದ್ದಳು. ಮೈದಾ ಹಿಟ್ಟು ಹುಳಿ ಬರಿಸಿ ಕರಿಯುವ ಉಂಡೆ ಅದು, ನೋಡಲು ನಮ್ಮ ಬೋಂಡಾದ ಹಾಗೆ. ಅವಳು ನನ್ನನ್ನು ಎಳೆದು ತನ್ನ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂರಿಸಿ, ಲೋಟದಲ್ಲಿ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿ ಅಂದಳು. ಆಘಾತ ಆದವರಿಗೆ ಅಲ್ಲಿ ಸಕ್ಕರೆ ನೀರು ಕೊಡುವುದು ವಾಡಿಕೆ. ಆಮೇಲೆ ಅಕ್ಕಪಕ್ಕದವರೆಲ್ಲ ಸೇರಿದರು. "ಕೊಟ್ಟುಬಿಟ್ಟೆಯಲ್ಲ, ಒಳ್ಳೆಯದೇ ಮಾಡಿದೆ" ಅಂದರು. ಯಾರೂ ನನ್ನನ್ನು ಪೆದ್ದ ಅನ್ನಲಿಲ್ಲ. ನಮ್ಮಲ್ಲಾಗಿದ್ದರೆ ಮೊದಲು "ನಿಮಗೆ ಅಷ್ಟೂ ಗೊತ್ತಾಗಲ್ವಾ?" ಅಂತ ಶುರುವಾಗುತ್ತಿತ್ತು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹೋದದ್ದು ಫೋನ್ ಒಂದೇ ಅಲ್ಲ. ಊರಿನ ಬ್ಯಾಂಕಿನ ಸಿಮ್ ಅದರಲ್ಲಿತ್ತು. ಕಾರ್ಡ್ ನಿಲ್ಲಿಸೋಣ ಅಂದರೆ ಓಟಿಪಿ ಆ ಸಿಮ್ಮಿಗೇ ಬರಬೇಕು. ಇಮೇಲ್ ತೆರೆಯೋಣ ಅಂದರೆ ಕೋಡ್ ಆ ಫೋನಿಗೇ ಹೋಗುತ್ತದೆ. ಹೆಂಡತಿಯ ನಂಬರ್ ನನಗೆ ಬಾಯಿಪಾಠ ಇರಲಿಲ್ಲ! ನೆನಪಿದ್ದದ್ದು ಇಪ್ಪತ್ತು ವರ್ಷದ ಹಿಂದಿನ ಊರಿನ ಲ್ಯಾಂಡ್‌ಲೈನ್, ಅದನ್ನು ಯಾವತ್ತೋ ಕಿತ್ತು ಹಾಕಿಯಾಗಿದೆ. ಅಲ್ಲಿನ ಕಳ್ಳರಿಗೆ ಫೋನಿನ ಬೆಲೆಗಿಂತ ಲಾಕ್ ತೆರೆದ ಫೋನಿನೊಳಗಿನ ಬ್ಯಾಂಕ್ ಆ್ಯಪ್ ಮೇಲೆ ಕಣ್ಣು ಅಂತ ಆಮೇಲೆ ಗೊತ್ತಾಯಿತು. ಸ್ಟೇಷನ್ನಿನ ಗಾರ್ಡ್ ತನ್ನ ಫೋನಿನಿಂದ ನಮ್ಮ ಆಫೀಸಿನ ರಿಸೆಪ್ಷನ್ ನಂಬರ್ ಹುಡುಕಿ ಕೊಟ್ಟ. ಅಲ್ಲಿಂದ ಹುಬ್ಬಳ್ಳಿಯವರು, ಅವರಿಂದ ನನ್ನ ಹೆಂಡತಿ, ಅವಳಿಂದ ಬ್ಯಾಂಕು. ಎರಡು ಗಂಟೆಯ ಕೆಲಸ. ನನ್ನ ಅದೃಷ್ಟ, ದುಡ್ಡು ಹೋಗಲಿಲ್ಲ. ಆ ಸಂಜೆ ಮೊದಲು ಮಾಡಿದ ಕೆಲಸ ಏನೆಂದರೆ, ನಾಲ್ಕು ನಂಬರ್ ಕಾಗದದಲ್ಲಿ ಬರೆದು ಪರ್ಸಿನಲ್ಲಿ ಒಂದು, ಸೂಟ್‌ಕೇಸಿನಲ್ಲಿ ಒಂದು ಇಟ್ಟೆ. ಹಳೇ ಸಣ್ಣ ಫೋನ್ ಒಂದನ್ನು ಕೊಂಡು, ಊರಿನಿಂದ ಹೊಸ ಸಿಮ್ ಬಂದ ಮೇಲೆ ಅದಕ್ಕೆ ಹಾಕಿ ರೂಮಿನಲ್ಲೇ ಬಿಟ್ಟೆ. ಹೊರಗೆ ಹೋಗುವ ಫೋನಿನಲ್ಲಿ ಬ್ಯಾಂಕ್ ಇಲ್ಲ.

ಈ ಬುದ್ಧಿ ನನ್ನದಲ್ಲ. ನಾನಿದ್ದ ಫ್ಲ್ಯಾಟು ಶುಚಿ ಮಾಡಲು ಬರುತ್ತಿದ್ದ ಹೆಂಗಸು ಹೇಳಿಕೊಟ್ಟದ್ದು. ಐವತ್ತು ದಾಟಿದವರು. ಅಲ್ಲಿ ದೊಡ್ಡ ಹೆಂಗಸರನ್ನು 'ಮಾಮಾ' ಅಂತ ಕರೆಯುತ್ತಾರೆ. ನನಗೆ ಅಭ್ಯಾಸ ಆಗಲು ವಾರ ಹಿಡಿಯಿತು, ಪ್ರತಿ ಸಲ ಸೋದರಮಾವನ ಮೀಸೆ ಕಣ್ಣಮುಂದೆ ಬರುತ್ತಿತ್ತು. ಅವರ ಮನೆ ಅಲೆಕ್ಸಾಂಡ್ರಾದಲ್ಲಿ. ಸ್ಯಾಂಡ್ಟನ್‌ನಿಂದ ಐದಾರು ಕಿಲೋಮೀಟರ್. ಹೆದ್ದಾರಿ ದಾಟಿದರೆ ಸಾಕು, ಗಾಜಿನ ಕಟ್ಟಡ ಮುಗಿದು ತಗಡಿನ ಮನೆ ಶುರು. ಮಂಡೇಲಾ 1941ರಲ್ಲಿ ಹಳ್ಳಿಯಿಂದ ಜೋಹಾನ್ಸ್‌ಬರ್ಗ್‌ಗೆ ಬಂದ ಹೊಸದರಲ್ಲಿ ಬಾಡಿಗೆಗೆ ಇದ್ದದ್ದು ಅಲ್ಲೇ.

ಮಾಮಾ ಬೆಳಕು ಹರಿಯುವ ಮುಂಚೆಯೇ ಮನೆ ಬಿಡುತ್ತಿದ್ದರು. ಜೂನ್–ಜುಲೈ ಅಲ್ಲಿ ಚಳಿಗಾಲ. ಆಗ ಕಗ್ಗತ್ತಲು. ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಅಂದರೆ ಹಿಂದಿರುಗುವಾಗಲೂ ಕತ್ತಲು. ಬೀದಿಯ ಐದು ಜನ ಹೆಂಗಸರು ಮಾತಾಡಿಕೊಂಡು ಒಟ್ಟಿಗೇ ಹೊರಡುತ್ತಿದ್ದರಂತೆ. ಒಬ್ಬಳಿಗೆ ಜ್ವರ ಬಂದರೆ ಉಳಿದವರಿಗೆ ಹಿಂದಿನ ರಾತ್ರಿಯೇ ಹೇಳಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಕಾಯುತ್ತಾ ನಿಲ್ಲಬೇಕಾಗುತ್ತದೆ. ನಿಲ್ಲುವುದೇ ಅಪಾಯ. ಟ್ಯಾಕ್ಸಿಯ ದುಡ್ಡು ಮಾತ್ರ ಕೈಯಲ್ಲಿ, ಉಳಿದದ್ದು ಷೂ ಒಳಗೆ. ತೋರಿಸಲು ಒಂದು ಒಡೆದ ಫೋನ್, ಮಾತಾಡಲು ಇನ್ನೊಂದು. ತಿಂಗಳ 25ರ ಆಸುಪಾಸು ಸಂಬಳದ ದಿನ. ಅವತ್ತು ಕಳ್ಳರಿಗೂ ಗೊತ್ತಿರುತ್ತದೆ. ಆದ್ದರಿಂದ ಅವತ್ತು ದುಡ್ಡು ತೆಗೆಯುವುದೇ ಇಲ್ಲ, ಎರಡು ದಿನ ಬಿಟ್ಟು.

ಅಲ್ಲಿ ಟ್ಯಾಕ್ಸಿ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರದ ಬಿಳಿ ವ್ಯಾನು. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕೈಸನ್ನೆಯಲ್ಲಿ ಹೇಳಬೇಕು. ತೋರುಬೆರಳು ಮೇಲಕ್ಕೆ ಎತ್ತಿದರೆ ಊರ ಮಧ್ಯಕ್ಕೆ. ಹಿಂದಿನವರ ದುಡ್ಡು ಕೈಯಿಂದ ಕೈಗೆ ದಾಟುತ್ತಾ ಮುಂದೆ ಬರುತ್ತದೆ. ಮುಂದಿನ ಸೀಟಿನಲ್ಲಿ ಕೂತವರೇ ಚಿಲ್ಲರೆ ಲೆಕ್ಕ ಮಾಡಿ ಹಿಂದಕ್ಕೆ ಕೊಡಬೇಕು. "ಲೆಕ್ಕ ಬರದವನು ಮುಂದೆ ಕೂರಬಾರದು" ಅಂತ ಮಾಮಾ ನಕ್ಕರು. ಹತ್ತು–ಹದಿನೈದು ಜನ ಅಪರಿಚಿತರು, ಕಳ್ಳತನಕ್ಕೆ ಹೆಸರಾದ ಊರು, ಆದರೂ ಹಿಂದಿನ ಸೀಟಿನ ದುಡ್ಡು ಚಿಲ್ಲರೆ ಸಮೇತ ಸರಿಯಾಗಿ ವಾಪಸ್ ಬರುತ್ತದೆ. ಇದನ್ನು ಯಾವ ಸುರಕ್ಷತೆಯ ಕೈಪಿಡಿಯೂ ಬರೆಯುವುದಿಲ್ಲ.

ಒಂದು ದಿನ ಕೇಳಿದೆ, ನಿಮಗೆ ಭಯ ಆಗುವುದಿಲ್ಲವಾ ಅಂತ. ಇಂಥ ಪೆದ್ದು ಪ್ರಶ್ನೆಗೆ ಏನು ಹೇಳುವುದು ಅನ್ನುವ ಹಾಗೆ ನೋಡಿ, "ಏಳೂವರೆಗೆ ಇಲ್ಲಿ ಇರಲೇಬೇಕಲ್ಲ" ಅಂದರು.

ಆ ವರ್ಷ ಕರೆಂಟ್ ಬೇರೆ ಕೈಕೊಡುತ್ತಿತ್ತು. ಅಲ್ಲಿನ ವಿದ್ಯುತ್ ಕಂಪನಿಯ ಹೆಸರು ಎಸ್ಕಾಮ್. ಕರ್ನಾಟಕದವರಿಗೆ ಹೊಸ ಹೆಸರೇನಲ್ಲ! 1923ರಲ್ಲಿ ಶುರುವಾದ ಕಂಪನಿಗೆ ನೂರು ತುಂಬಿದ ವರ್ಷವೇ ಲೋಡ್‌ಶೆಡ್ಡಿಂಗ್ ಹಿಂದೆಂದೂ ಇಲ್ಲದಷ್ಟು. ಬೀದಿ ದೀಪ ಇಲ್ಲ, ರೋಬಾಟ್ ಇಲ್ಲ. ಮನೆಯಿಲ್ಲದ ಹುಡುಗರು ಕೂಡುರಸ್ತೆಯಲ್ಲಿ ನಿಂತು ಕೈಬೀಸಿ ಗಾಡಿ ಬಿಡುತ್ತಿದ್ದರು. ಹಗಲು ಯಾರಿಗೆ ಹೆದರಿ ಕಿಟಕಿ ಏರಿಸಿಕೊಳ್ಳುತ್ತಿದ್ದರೋ, ಸಂಜೆ ಅವರ ಕೈಸನ್ನೆ ನಂಬಿ ಎಲ್ಲರೂ ಗಾಡಿ ಮುಂದೆ ಬಿಡುತ್ತಿದ್ದರು.

ಆಗಸ್ಟ್ ಕೊನೆಯಲ್ಲಿ ಬ್ರಿಕ್ಸ್ ಶೃಂಗಸಭೆ ನಮ್ಮ ಆಫೀಸಿನ ಪಕ್ಕದಲ್ಲೇ ನಡೆಯಿತು. ಸ್ಯಾಂಡ್ಟನ್‌ನಲ್ಲಿ ಆ ಮೂರು ದಿನ ಸೂಜಿ ಬಿದ್ದರೂ ಪೊಲೀಸರ ಮೇಲೇ ಬೀಳಬೇಕು. 23ರಂದು ಚಂದ್ರಯಾನ-3 ಇಳಿಯಿತು. ಪ್ರಧಾನಿ ಜೋಹಾನ್ಸ್‌ಬರ್ಗ್‌ನಿಂದಲೇ ಬೆಂಗಳೂರಿನ ಇಸ್ರೋ ಜತೆ ಮಾತಾಡಿದರು. ಅಲ್ಲಿ ಆಗ ಮಧ್ಯಾಹ್ನ ಎರಡೂವರೆ. ನಾವು ನಾಲ್ಕು ಜನ ಕನ್ನಡದವರು ಕ್ಯಾಂಟೀನಿನಲ್ಲಿ ಕೂಗಿದ್ದು ಕೇಳಿ ಗೇಟಿನ ಗಾರ್ಡ್ ಓಡಿ ಬಂದಿದ್ದ, ಏನೋ ಆಗಿಹೋಯಿತು ಅಂತ.

ಎಂಟು ದಿನ ಕಳೆದಿತ್ತು. ಆಗಸ್ಟ್ 31ರ ನಸುಕಿನಲ್ಲಿ ಊರ ಮಧ್ಯದ ಮಾರ್ಷಲ್‌ಟೌನ್‌ನಲ್ಲಿ ಐದು ಅಂತಸ್ತಿನ ಕಟ್ಟಡ ಹೊತ್ತಿ ಉರಿಯಿತು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ನಗರಸಭೆಯದೇ. ಅಲ್ಲಿ ಇಂಥವನ್ನು 'ಹೈಜಾಕ್ ಆದ ಕಟ್ಟಡ' ಅಂತಾರೆ. ಒಡೆಯರು ಕೈಬಿಟ್ಟ ಮೇಲೆ ಯಾರೋ ಬಂದು ಬಾಡಿಗೆ ವಸೂಲಿ ಶುರು ಮಾಡುತ್ತಾರೆ, ಬೇರೆಲ್ಲೂ ಬಾಡಿಗೆ ಕಟ್ಟಲಾಗದವರು ಹಲಗೆ ಅಡ್ಡ ಇಟ್ಟು ಗೂಡು ಮಾಡಿಕೊಂಡು ಬದುಕುತ್ತಾರೆ. ಬೀಗ ಹಾಕಿದ ಗೇಟಿನ ಹಿಂದೆ ಸಿಕ್ಕಿಕೊಂಡವರು ಹೊರಗೆ ಬರಲಾಗಲಿಲ್ಲ. ವರ್ಣಭೇದದ ಕಾಲದಲ್ಲಿ ಕರಿಯರಿಗೆ ಊರೊಳಗೆ ಓಡಾಡಲು ಪಾಸು ಕೊಡುತ್ತಿದ್ದ ಕಚೇರಿಯೂ ಅದೇ ಕಟ್ಟಡ. ಅದಕ್ಕೂ ಮುಂಚೆ, ಜುಲೈ 19ರಂದು, ಲಿಲಿಯನ್ ನ್ಗೋಯಿ ರಸ್ತೆ ನೆಲದಡಿಯ ಅನಿಲ ಸ್ಫೋಟಕ್ಕೆ ಸೀಳಿಕೊಂಡು ವ್ಯಾನುಗಳು ಪಲ್ಟಿ ಹೊಡೆದಿದ್ದವು. ಮಾಮಾನಂಥವರು ಕೂರುವ ವ್ಯಾನುಗಳು.

ಬೆಂಕಿಯ ದಿನ ಅಮ್ಮ ಫೋನ್ ಮಾಡಿ, "ನಿನ್ನ ಕಡೆ ಅಲ್ವಲ್ಲ?" ಅಂದಳು. ಅಲ್ಲಮ್ಮ ಅಂದೆ. ನಿಜ, ನನ್ನ ಕಡೆ ಅಲ್ಲವೇ ಅಲ್ಲ. ನನ್ನ ಕಡೆ ಆದದ್ದು ಒಂದು ಫೋನ್ ಹೋದದ್ದು. ಊರಿಗೆ ಕೆಟ್ಟ ಹೆಸರು ಬರುವುದು ಅಲ್ಲಿನವರ ಸಾವಿನಿಂದ. ಆ ಹೆಸರಿಗೆ ಹೆದರಿ ಗೋಡೆಯೊಳಗೆ ಕೂರುವವನು ನಾನು. ಗೋಡೆಯ ಖರ್ಚು ಆಫೀಸಿನದು. ಇದು ಸರಿಯಲ್ಲ ಅಂತ ಗೊತ್ತಿದ್ದೂ, ಮರುದಿನ ನಾನು ಕ್ಯಾಬಿನಲ್ಲೇ ಆಫೀಸಿಗೆ ಹೋದೆ.

ಹೊರಡುವ ಮುಂಚೆ ಹಿಲ್‌ಬ್ರೋ ಪಕ್ಕದ ಪಾಂಟೆಗೂ ಹೋಗಿ ಬಂದೆ. 1975ರ, 54 ಮಹಡಿಯ, ಒಳಗೆ ಟೊಳ್ಳಾದ ಸಿಲಿಂಡರಿನಂಥ ಕಟ್ಟಡ. 90ರ ದಶಕದಲ್ಲಿ ಆ ಟೊಳ್ಳಿನೊಳಗೆ ಎಷ್ಟೋ ಮಹಡಿ ಎತ್ತರಕ್ಕೆ ಕಸ ತುಂಬಿತ್ತಂತೆ. ಈಗ ಸ್ವಚ್ಛವಾಗಿದೆ, ಜನ ಸಂಸಾರ ಮಾಡುತ್ತಿದ್ದಾರೆ. ಅಲ್ಲೇ ಇರುವ ಹುಡುಗರ ಜತೆ ಹಗಲು ಹೊತ್ತಿನಲ್ಲಿ, ಫೋನ್ ಜೇಬಿನಲ್ಲಿಟ್ಟು, ಗುಂಪಿನಲ್ಲಿ ನಡೆದೆವು. ಕೈಪಿಡಿಯ ಪ್ರಕಾರ ಕಾಲೇ ಇಡಬಾರದ ಜಾಗ. ಅಲ್ಲಿ ಒಂದು ಮಗು ನನ್ನ ಮೂಗು ನೋಡಿ ಏನೋ ಹೇಳಿ ನಗುತ್ತಾ ಓಡಿತು. ಏನಂದಿತು ಅಂತ ಹುಡುಗರು ಅನುವಾದ ಮಾಡಲಿಲ್ಲ.

ಇದನ್ನೆಲ್ಲ ಒಂದು ರಾತ್ರಿ ಹೆಂಡತಿಗೆ ದೊಡ್ಡದಾಗಿ ವರ್ಣಿಸುತ್ತಿದ್ದೆ. ಬ್ಯಾಗು ಎದೆಗೆ ಹಿಡಿದುಕೊಳ್ಳಬೇಕು, ಕತ್ತಲಾದ ಮೇಲೆ ಕ್ಯಾಬಿನ ನಂಬರ್ ಯಾರಿಗಾದರೂ ಕಳಿಸಬೇಕು, ಹಿಂದೆ ಹೆಜ್ಜೆ ಸದ್ದು ಕೇಳಿದರೆ ಅಂಗಡಿಯೊಳಗೆ ಹೋಗಿಬಿಡಬೇಕು, ಯಾರಾದರೂ ಸುಮ್ನೆ ಸಮಯ ಕೇಳಿದರೆ ನಿಲ್ಲಬಾರದು ಅಂತ. ಅವಳು ಪೂರ್ತಿ ಕೇಳಿ, "ರೀ, ಇದನ್ನೆಲ್ಲ ನಾನು ಮೆಜೆಸ್ಟಿಕ್ಕಿನಲ್ಲಿ ಪಿಯುಸಿಯಿಂದ ಮಾಡ್ತಾ ಇದೀನಿ. ನಿಮಗೆ ಜೋಹಾನ್ಸ್‌ಬರ್ಗ್‌ಗೆ ಹೋಗಬೇಕಾಯ್ತಾ?" ಅಂದಳು. ನಾನು ಹದಿನೈದು ವರ್ಷದಿಂದ ಬೆಂಗಳೂರು ಸೇಫ್ ಅಂತ ಎಲ್ಲರಿಗೂ ಹೇಳಿಕೊಂಡು ಬಂದವನು.

ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದೆ. ಮೊದಲ ಭಾನುವಾರ ಇಬ್ಬರೂ ಕಾರಿನಲ್ಲಿ ಹೊರಟೆವು. ಸಿಲ್ಕ್ ಬೋರ್ಡಿನಲ್ಲಿ ಕೆಂಪು ದೀಪ. ನಾನು ಮುಂದಿನ ಕಾರಿನ ಟೈರು ನೆಲಕ್ಕೆ ತಾಗುವ ಜಾಗ ಕಾಣುವ ಹಾಗೆ ದೂರದಲ್ಲೇ ನಿಲ್ಲಿಸಿದೆ. ಹತ್ತು ಸೆಕೆಂಡಿನಲ್ಲಿ ಆ ಜಾಗಕ್ಕೆ ಒಂದು ಸ್ಕೂಟರ್ ಬಂತು, ಅದರ ಪಕ್ಕ ಎರಡು ಬೈಕು, ಅಡ್ಡಡ್ಡ ಒಂದು ಆಟೋ. ಹಿಂದಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಹೆಂಡತಿ ತನ್ನ ಕಡೆಯ ಬಾಗಿಲು ಲಾಕ್ ಆಗಿದೆಯಾ ಅಂತ ಮೊಣಕೈಯಿಂದ ಒತ್ತಿ ನೋಡಿಕೊಂಡಳು. ಹದಿನೈದು ವರ್ಷ ಪಕ್ಕದಲ್ಲೇ ಕೂತಿದ್ದೇನೆ, ಅವಳು ಹಾಗೆ ಮಾಡುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.